ತೂಕ ನಿಧಾನವಾಗಿ ಇಳಿಸಲು ದಿನಕ್ಕೆ ಎಷ್ಟು ಕ್ಯಾಲೊರಿ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳು ಮಾತುಕತೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದವು. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ. ಲೆಕ್ಕಕ್ಕೆ ಹೊಸಬರಾದವರು ಮೊದಲಿನಿಂದ ಓದಬಹುದು. ಈಗಾಗಲೇ ತಿಂಗಳುಗಟ್ಟಲೆ ಪ್ರಯತ್ನಿಸಿ ಎಲ್ಲೋ ಒಂದು ಕಡೆ ಸಿಕ್ಕಿಕೊಂಡವರು ನೇರವಾಗಿ ತಮ್ಮ ಪ್ರಶ್ನೆಗೆ ಹೋಗಬಹುದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಹದಿನೆಂಟು ತುಂಬದವರು, ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆಯಿರುವವರು, ಊಟದ ವಿಷಯದಲ್ಲಿ ಹಿಂದೆ ಮಾನಸಿಕ ತೊಂದರೆ ಅನುಭವಿಸಿದವರು ಇಲ್ಲಿನ ಲೆಕ್ಕವನ್ನು ತಾವಾಗಿಯೇ ಅನ್ವಯಿಸಿಕೊಳ್ಳದೆ, ವೈದ್ಯರೊಂದಿಗೆ ಮಾತಾಡಿದ ನಂತರವೇ ಮುಂದುವರಿಯಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ.

## ಆರಂಭದ ಪ್ರಶ್ನೆಗಳು

ಕ್ಯಾಲೊರಿ ಅಂದರೆ ಏನು? ಅದೂ ಕೊಬ್ಬೂ ಒಂದೇನಾ?

ಒಂದೇ ಅಲ್ಲ. ಕ್ಯಾಲೊರಿ ಎಂಬುದು ಶಕ್ತಿಯ ಅಳತೆ. ಉದ್ದಕ್ಕೆ ಮೀಟರ್ ಇದ್ದ ಹಾಗೆ. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಶಕ್ತಿಗೆ ಒಂದು ಕಿಲೋಕ್ಯಾಲೊರಿ ಎನ್ನುತ್ತಾರೆ. ಊಟದ ಮಾತಿನಲ್ಲಿ ನಾವೆಲ್ಲ ಸುಮ್ಮನೆ ‘ಕ್ಯಾಲೊರಿ’ ಎನ್ನುವುದೂ, ಬಿಸ್ಕತ್ತಿನ ಪೊಟ್ಟಣದ ಮೇಲೆ ಕಿಲೋಕ್ಯಾಲೊರಿ ಎಂದು ಅಚ್ಚಾಗಿರುವುದೂ ಇದನ್ನೇ. ಅಮೆರಿಕದ ರಸಾಯನಶಾಸ್ತ್ರಜ್ಞ ವಿಲ್ಬರ್ ಆಟ್‌ವಾಟರ್ 19ನೇ ಶತಮಾನದ ಕೊನೆಯಲ್ಲಿ ನಡೆಸಿದ ಪ್ರಯೋಗಗಳಿಂದ ಬಂದ ಅಂಕಿಗಳನ್ನೇ ಇಂದಿಗೂ ಬಳಸುತ್ತೇವೆ: ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಲ್ಲಿ 4, ಪ್ರೋಟೀನಿನಲ್ಲಿ 4, ಕೊಬ್ಬಿನಲ್ಲಿ 9, ಮದ್ಯಸಾರದಲ್ಲಿ 7 ಕ್ಯಾಲೊರಿ. ಈ ನಾಲ್ಕು ಅಂಕಿಗಳು ನೆನಪಿದ್ದರೆ ಅಡುಗೆಮನೆಯ ಅರ್ಧ ಲೆಕ್ಕ ಮುಗಿದಂತೆ.

ನಾನು ನೋಡೋಕೆ ಸಣ್ಣಗೇ ಇದ್ದೀನಿ, ಹೊಟ್ಟೆ ಮಾತ್ರ ಬಂದಿದೆ. ನನಗೆ ತೂಕ ಇಳಿಸೋ ಅಗತ್ಯ ಇದೆಯಾ?

ಇರಬಹುದು. ತೂಕವನ್ನು ಕಿಲೋಗ್ರಾಮಿನಲ್ಲಿ ಬರೆದು, ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಬಿಎಂಐ ಎನ್ನುತ್ತಾರೆ. ಜಗತ್ತಿನ ಬೇರೆ ಕಡೆ 25 ದಾಟಿದರೆ ಅಧಿಕ ತೂಕ ಎಂದು ಪರಿಗಣಿಸಿದರೆ, ಭಾರತೀಯರಿಗೆ 23ರಿಂದಲೇ ಅಧಿಕ ತೂಕವೆಂದೂ 25ರಿಂದ ಬೊಜ್ಜೆಂದೂ ಇಲ್ಲಿನ ತಜ್ಞರು 2009ರಲ್ಲಿ ಒಮ್ಮತಕ್ಕೆ ಬಂದರು. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮೀರಬಾರದು.

ನಮಗೇಕೆ ಇಷ್ಟು ಬಿಗಿಯಾದ ಗೆರೆ ಎಂದು ಕೇಳುವವರಿಗೆ ನಾನು ಒಂದು ಫೋಟೊದ ಕಥೆ ಹೇಳುತ್ತೇನೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ ಪಕ್ಕಪಕ್ಕ ನಿಂತ ತಮ್ಮದೇ ಚಿತ್ರವನ್ನು ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3. ಆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ. 9.1 ಇದ್ದರೆ, ಯಾಜ್ಞಿಕ್ ಅವರ ಮೈಯಲ್ಲಿ ಶೇ. 21.2 ಇತ್ತು. ತಕ್ಕಡಿಗೆ ಕಾಣದ ಕೊಬ್ಬು ನಮ್ಮಲ್ಲಿ ಹೆಚ್ಚು, ಅದು ಹೊಟ್ಟೆಯ ಸುತ್ತಲೇ ಸೇರುವುದೂ ಹೆಚ್ಚು. ಆದ್ದರಿಂದ ತಕ್ಕಡಿಯ ಜೊತೆಗೆ ಟೈಲರ್ ಬಳಸುವ ಟೇಪೂ ಮನೆಯಲ್ಲಿರಲಿ.

ತಿಂಗಳಿಗೆ ಹತ್ತು ಕೆಜಿ ಇಳಿಸ್ತೀವಿ ಅಂತ ಜಾಹೀರಾತು ಬರುತ್ತಲ್ಲ, ಅದು ನಿಜವಾ?

ಕೂಡಿ ಕಳೆದು ನೋಡಿದರೆ ಉತ್ತರ ನಿಮಗೇ ಸಿಗುತ್ತದೆ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಶಕ್ತಿಯಿದೆ. ಹತ್ತು ಕಿಲೋ ಎಂದರೆ 77,000. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ ಹತ್ತಿರ ಹತ್ತಿರ 2570. ಕುಳಿತು ಕೆಲಸ ಮಾಡುವ ಹೆಚ್ಚಿನ ಹೆಂಗಸರ ದೇಹ ಇಡೀ ದಿನದಲ್ಲಿ ಅಷ್ಟನ್ನು ಖರ್ಚು ಮಾಡುವುದೇ ಇಲ್ಲ. ಅಂದರೆ ತಿಂಗಳಿಡೀ ಉಪವಾಸವಿದ್ದರೂ ಅಷ್ಟು ಕೊಬ್ಬು ಕರಗದು. ಹಾಗೆ ಇಳಿದದ್ದರಲ್ಲಿ ನೀರು ಮತ್ತು ಸ್ನಾಯುವಿನ ಪಾಲು ದೊಡ್ಡದಿರುತ್ತದೆ. ತೀರಾ ವೇಗವಾಗಿ ತೂಕ ಇಳಿದವರಲ್ಲಿ ಪಿತ್ತಕೋಶದ ಕಲ್ಲಿನ ಸಮಸ್ಯೆಯೂ ಹೆಚ್ಚುತ್ತದೆ.

ನಾನು ಹೇಳುವ ವೇಗ ವಾರಕ್ಕೆ ದೇಹತೂಕದ ಶೇ. ಅರ್ಧದಷ್ಟು. 72 ಕಿಲೋ ಇರುವವರಿಗೆ ವಾರಕ್ಕೆ 360 ಗ್ರಾಂ, ತಿಂಗಳಿಗೆ ಒಂದೂವರೆ ಕಿಲೋ. ಕೇಳಲು ಇದು ಅಲ್ಪವೆನಿಸುತ್ತದೆ, ಎದುರಿಗೆ ಕುಳಿತವರ ಮುಖ ಸಪ್ಪಗಾಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಆದರೆ ಯುಗಾದಿಗೆ ಆರಂಭಿಸಿದವರು ದೀಪಾವಳಿಯ ಹೊತ್ತಿಗೆ ಹತ್ತು ಕಿಲೋ ಇಳಿಸಿರುತ್ತಾರೆ, ಮನೆಯವರ ಜೊತೆ ಕೂತು ಅದೇ ಸಾರು, ಅದೇ ಪಲ್ಯ ಉಂಡುಕೊಂಡೇ.

## ಲೆಕ್ಕ ಹಾಕುವ ಬಗೆ

ನನಗೆ ದಿನಕ್ಕೆ ಎಷ್ಟು ಕ್ಯಾಲೊರಿ ಬೇಕು ಅಂತ ನಾನೇ ಲೆಕ್ಕ ಹಾಕಬಹುದಾ?

ಖಂಡಿತ ಹಾಕಬಹುದು, ಐದು ನಿಮಿಷದ ಕೆಲಸ. ಮೊದಲು, ಏನೂ ಮಾಡದೆ ಮಲಗಿದ್ದರೂ ಉಸಿರಾಟಕ್ಕೆ, ಹೃದಯ ಬಡಿತಕ್ಕೆ, ಮೈ ಬೆಚ್ಚಗಿಡಲು ಖರ್ಚಾಗುವ ಶಕ್ತಿಯನ್ನು ಅಂದಾಜಿಸಬೇಕು. ಇದಕ್ಕೆ 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ ಹೆಚ್ಚು ಬಳಕೆಯಲ್ಲಿದೆ. ಕಿಲೋಗ್ರಾಮಿನಲ್ಲಿರುವ ತೂಕವನ್ನು 10ರಿಂದ ಗುಣಿಸಿ, ಸೆಂಟಿಮೀಟರಿನಲ್ಲಿರುವ ಎತ್ತರವನ್ನು 6.25ರಿಂದ ಗುಣಿಸಿ, ಎರಡನ್ನೂ ಕೂಡಿಸಿ; ವಯಸ್ಸನ್ನು 5ರಿಂದ ಗುಣಿಸಿ ಅದರಲ್ಲಿ ಕಳೆಯಿರಿ. ಬಂದ ಮೊತ್ತಕ್ಕೆ ಗಂಡಸರು 5 ಕೂಡಿಸಬೇಕು, ಹೆಂಗಸರು 161 ಕಳೆಯಬೇಕು.

38 ವರ್ಷದ, 156 ಸೆಂ.ಮೀ. ಎತ್ತರದ, 72 ಕಿಲೋ ತೂಕದ ಒಬ್ಬ ಮಹಿಳೆಯನ್ನು ತೆಗೆದುಕೊಳ್ಳೋಣ. 720 ಮತ್ತು 975 ಸೇರಿ 1695. ವಯಸ್ಸಿನ 190 ಕಳೆದರೆ 1505, ಅದರಲ್ಲಿ 161 ಹೋದರೆ 1344. ಇದು ಮಲಗಿದ್ದಾಗಿನ ಖರ್ಚು ಮಾತ್ರ. ದಿನದ ಚಟುವಟಿಕೆಯನ್ನು ಸೇರಿಸಲು ಇದನ್ನು ಒಂದು ಗುಣಕದಿಂದ ಗುಣಿಸುತ್ತೇವೆ: ಬಹುಪಾಲು ಕುಳಿತೇ ಇರುವವರಿಗೆ 1.2, ವಾರದ ಕೆಲವು ದಿನ ನಡಿಗೆಯಂಥ ಹಗುರ ವ್ಯಾಯಾಮ ಇರುವವರಿಗೆ 1.375, ಹೆಚ್ಚಿನ ದಿನಗಳಲ್ಲಿ ಬೆವರಿಳಿಯುವಷ್ಟು ವ್ಯಾಯಾಮ ಮಾಡುವವರಿಗೆ 1.55, ಗದ್ದೆಯ ನಾಟಿ, ಕಲ್ಲು–ಮಣ್ಣಿನ ಕೆಲಸದಂಥ ಭಾರೀ ದುಡಿಮೆಯವರಿಗೆ 1.725. ನಮ್ಮ ಮಹಿಳೆ ದಿನವೂ ಅರ್ಧ ಗಂಟೆ ನಡೆಯುತ್ತಾರೆ ಎಂದುಕೊಂಡರೆ 1344ನ್ನು 1.375ರಿಂದ ಗುಣಿಸಿ 1848. ಸುಲಭವಾಗಲೆಂದು 1800 ಎನ್ನೋಣ. ಇಷ್ಟು ತಿಂದರೆ ತೂಕ ಏರದು, ಇಳಿಯದು. ಇಳಿಸಲು ಇದರಲ್ಲಿ 400 ಕಡಿಮೆ ಮಾಡಿ 1400ರಿಂದ ಆರಂಭಿಸಬಹುದು.

ನಾನು ಬೆಳಿಗ್ಗೆಯಿಂದ ರಾತ್ರಿವರೆಗೂ ಮನೆ ಕೆಲಸ ಮಾಡ್ತೀನಿ. ಅದು ವ್ಯಾಯಾಮ ಅಲ್ವಾ?

ಅದು ನಿಜವಾದ ದುಡಿಮೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ದಣಿವು ಬೇರೆ, ಶಕ್ತಿಯ ಖರ್ಚು ಬೇರೆ. ಒಲೆಯ ಮುಂದೆ ಮೂರು ಗಂಟೆ ನಿಂತರೆ ಕಾಲು ಸೋಲುತ್ತದೆ, ಕ್ಯಾಲೊರಿ ಹೆಚ್ಚು ಕರಗುವುದಿಲ್ಲ. ಮಿಕ್ಸಿ, ವಾಷಿಂಗ್ ಮಷಿನ್, ನಲ್ಲಿಯ ನೀರು ಇರುವ ಮನೆಯ ಕೆಲಸಕ್ಕೆ 1.2ರಿಂದ 1.375ರ ನಡುವಿನ ಗುಣಕ ಸಾಕು. ಬಾವಿಯಿಂದ ನೀರು ಸೇದಿ, ಕೊಟ್ಟಿಗೆ ಬಳಿದು, ಹುಲ್ಲಿನ ಹೊರೆ ಹೊರುವವರ ಲೆಕ್ಕವೇ ಬೇರೆ, ಅವರು 1.55 ಹಾಕಿಕೊಳ್ಳಬಹುದು. ಯಾವುದೆಂದು ಗೊಂದಲವಾದರೆ ಕಡಿಮೆಯದನ್ನೇ ಆರಿಸಿ, ಏಕೆಂದರೆ ನಾವೆಲ್ಲರೂ ನಮ್ಮ ಚಟುವಟಿಕೆಯನ್ನು ಸ್ವಲ್ಪ ಹೆಚ್ಚಾಗಿಯೇ ಅಂದಾಜಿಸಿಕೊಳ್ಳುತ್ತೇವೆ.

ಈ ಸೂತ್ರ ಹೊರದೇಶದವರಿಗೆ ಮಾಡಿದ್ದು. ನಮ್ಮವರಿಗೆ ಹೊಂದುತ್ತಾ?

ಪೂರ್ತಿ ಹೊಂದುವುದಿಲ್ಲ. ಒಂದೇ ತೂಕದಲ್ಲಿ ನಮ್ಮ ಮೈಯಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಇರುವುದರಿಂದ ಇಂಥ ಸೂತ್ರಗಳು ನಮಗೆ ಬೇಕಾದ್ದಕ್ಕಿಂತ ತುಸು ಹೆಚ್ಚಿನ ಅಂಕಿಯನ್ನೇ ಕೊಡುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಅಂಕಿಗಳನ್ನು ಪಕ್ಕದಲ್ಲಿಟ್ಟುಕೊಂಡರೆ ಒಂದು ಅಳತೆಗೋಲು ಸಿಕ್ಕಂತಾಗುತ್ತದೆ: ಕುಳಿತು ಕೆಲಸ ಮಾಡುವ, 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 2110, 55 ಕಿಲೋ ತೂಕದ ಹೆಂಗಸಿಗೆ 1660 ಕ್ಯಾಲೊರಿ. ನಿಮ್ಮ ಲೆಕ್ಕ ಇದಕ್ಕಿಂತ ತೀರಾ ಮೇಲೆ ಹೋಗಿದ್ದರೆ ಗುಣಕವನ್ನು ಇನ್ನೊಮ್ಮೆ ನೋಡಿ.

ಆದರೂ ಇದರ ಬಗ್ಗೆ ಬಹಳ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಸೂತ್ರದಿಂದ ಬಂದ ಅಂಕಿ ಒಂದು ಊಹೆ, ಅಷ್ಟೆ. ಒಂದೇ ವಯಸ್ಸು, ಒಂದೇ ತೂಕದ ಇಬ್ಬರ ನಡುವೆಯೇ ನೂರಿನ್ನೂರು ಕ್ಯಾಲೊರಿಯ ವ್ಯತ್ಯಾಸ ಸಹಜ. ನಿಮ್ಮ ದೇಹದ ನಿಜವಾದ ಅಂಕಿಯನ್ನು ಹೇಳಬಲ್ಲದ್ದು ನಾಲ್ಕು ವಾರ ನೀವೇ ಬರೆದಿಟ್ಟ ಊಟದ ಪುಸ್ತಕ ಮತ್ತು ತೂಕದ ಪಟ್ಟಿ.

ಎಲ್ಲರೂ 1200 ಅಂತಾರೆ. ನಾನೂ ಅಷ್ಟೇ ತಿಂದರೆ ಬೇಗ ಇಳಿಯಲ್ವಾ?

ಹೆಂಗಸರಿಗೆ 1200, ಗಂಡಸರಿಗೆ 1500 ಎಂಬುದು ಸಾಮಾನ್ಯವಾಗಿ ವೈದ್ಯರ ನಿಗಾ ಇಲ್ಲದೆ ಇಳಿಯಬಾರದ ಕೆಳಗಿನ ಗೆರೆ. ಅದನ್ನೇ ಎಲ್ಲರ ಗುರಿಯೆಂದು ತಿಳಿದದ್ದರಿಂದ ಬಹಳ ಜನರಿಗೆ ತೊಂದರೆಯಾಗಿದೆ. ದಿನಕ್ಕೆ ಬೇಕಾದ್ದಕ್ಕಿಂತ 300ರಿಂದ 500 ಕಡಿಮೆ ತಿನ್ನುವುದು ನಡೆಸಿಕೊಂಡು ಹೋಗಬಹುದಾದ ಕಡಿತ.

ಅರ್ಧಕ್ಕರ್ಧ ಕಡಿತ ಮಾಡಿದರೆ ಏನಾಗುತ್ತದೆಂಬುದು ನಮಗೆ ಚೆನ್ನಾಗಿ ತಿಳಿದಿದೆ. ಎರಡನೇ ಮಹಾಯುದ್ಧದ ಕೊನೆಯ ದಿನಗಳಲ್ಲಿ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟದಲ್ಲಿ ವಿಜ್ಞಾನಿ ಆನ್ಸೆಲ್ ಕೀಸ್ ಅವರು ಸ್ವಇಚ್ಛೆಯಿಂದ ಬಂದ 36 ಆರೋಗ್ಯವಂತ ಯುವಕರಿಗೆ 24 ವಾರ, ದಿನಕ್ಕೆ ಹೆಚ್ಚುಕಡಿಮೆ 1570 ಕ್ಯಾಲೊರಿಯಷ್ಟೇ ಕೊಟ್ಟು ನೋಡಿದರು. ಅವರ ಮೊದಲಿನ ಆಹಾರದ ಅರ್ಧದಷ್ಟು ಅದು. ತೂಕದ ಕಾಲು ಭಾಗ ಇಳಿಯಿತು, ನಿಜ; ಜೊತೆಗೆ ಅವರು ಸದಾ ಚಳಿಯಿಂದ ನಡುಗಿದರು, ಸಿಡುಕಿದರು, ಖಿನ್ನರಾದರು, ಹಗಲು ರಾತ್ರಿ ಊಟದ ಬಗ್ಗೆಯೇ ಯೋಚಿಸಿದರು, ಅಡುಗೆ ಪುಸ್ತಕಗಳನ್ನು ಓದುತ್ತ ಕುಳಿತರು. ಪ್ರಯೋಗ ಮುಗಿದ ಮೇಲೆ ಎಷ್ಟು ತಿಂದರೂ ತೃಪ್ತಿಯಾಗದ ಸ್ಥಿತಿ ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯಿತು. ‘ಹದಿನೈದು ದಿನ ಬಿಗಿಯಾಗಿ ಮಾಡಿದೆ, ಆಮೇಲೆ ಹಿಡಿತ ತಪ್ಪಿತು, ನನಗೆ ಮನೋಬಲವೇ ಇಲ್ಲ’ ಎಂದು ನೊಂದುಕೊಳ್ಳುವವರಿಗೆ ಈ ಯುವಕರ ವಿಷಯ ತಿಳಿದಿರಬೇಕು. ತಪ್ಪು ಮನೋಬಲದ್ದಲ್ಲ, ಕಡಿತದ ಗಾತ್ರದ್ದು.

## ಅಡುಗೆಮನೆಯ ಲೆಕ್ಕ

ಅನ್ನ ಬಿಟ್ಟು ಚಪಾತಿ ತಿಂದರೆ ಇಳಿಯುತ್ತಾ? ಮುದ್ದೆ ತಿನ್ನಬಹುದಾ?

ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 355 ಕ್ಯಾಲೊರಿ, ಜೋಳದಲ್ಲಿ 335, ರಾಗಿಯಲ್ಲಿ 320, ಗೋಧಿ ಹಿಟ್ಟಿನಲ್ಲಿಯೂ 320. ಎಲ್ಲವೂ ಅಕ್ಕಪಕ್ಕದ ಮನೆಯವೇ. ಚಪಾತಿಗೆ ಬದಲಾದ ಮನೆಗಳಲ್ಲಿ ಒಂದೊಂದರ ಮೇಲೆ ಒಂದು ಚಮಚ ಎಣ್ಣೆ ಹಚ್ಚಿದರೆ, ಮೂರು ಚಪಾತಿಗೆ 130 ಕ್ಯಾಲೊರಿ ಸದ್ದಿಲ್ಲದೆ ಸೇರಿಬಿಡುತ್ತದೆ. ಅನ್ನಕ್ಕೆ ಆ ಖರ್ಚಿರಲಿಲ್ಲ.

ಮುದ್ದೆಯನ್ನು ಧಾರಾಳವಾಗಿ ತಿನ್ನಬಹುದು, ಹಿಟ್ಟನ್ನು ತೂಗಿಕೊಂಡರೆ. ಮುದ್ದೆಯ ಗಾತ್ರ ನೋಡಿ ಹೆದರಬೇಡಿ, ಅದರಲ್ಲಿ ಬಹುಪಾಲು ನೀರು. ನೂರು ಗ್ರಾಂ ಹಿಟ್ಟಿನ ಮುದ್ದೆ ತಟ್ಟೆ ತುಂಬ ಕಂಡರೂ ಅದು 320 ಕ್ಯಾಲೊರಿಯೇ. ಅನ್ನಕ್ಕೂ ಹೀಗೆಯೇ: ಅಕ್ಕಿ ಬೆಂದು ಮೂರರಷ್ಟಾಗುವುದರಿಂದ ನೂರು ಗ್ರಾಂ ಅನ್ನದಲ್ಲಿ 130ರ ಆಸುಪಾಸು ಮಾತ್ರ ಇರುತ್ತದೆ. ರಾಗಿ, ಜೋಳಗಳ ಲಾಭವಿರುವುದು ನಾರಿನಲ್ಲಿ. ಹೊಟ್ಟೆ ಹೆಚ್ಚು ಹೊತ್ತು ತುಂಬಿದಂತಿರುತ್ತದೆ. ಹುಟ್ಟಿದಾಗಿನಿಂದ ಉಂಡ ಧಾನ್ಯವನ್ನು ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಅಳತೆ ಇಡಿ ಎಂದಷ್ಟೇ ಹೇಳುತ್ತೇನೆ.

ನಮ್ಮನೇಲಿ ಎಲ್ಲರಿಗೂ ಒಂದೇ ಪಾತ್ರೇಲಿ ಅಡುಗೆ. ನನ್ನ ಪಾಲಿನದನ್ನ ಹೇಗೆ ಅಳೆಯಲಿ?

ಒಂದು ಸಣ್ಣ ಡಿಜಿಟಲ್ ತಕ್ಕಡಿ ಬೇಕು. ದಿನವೂ ಬಳಸುವ ಪಾತ್ರೆಗಳ ಬರಿ ತೂಕವನ್ನು ಒಮ್ಮೆ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿಬಿಡಿ. ನಾಲ್ಕು ಜನರಿಗೆ ತೊಗರಿಬೇಳೆಯ ಹುಳಿ ಮಾಡುತ್ತಿದ್ದೀರಿ ಎಂದುಕೊಳ್ಳಿ: ಬೇಳೆ 150 ಗ್ರಾಂ, ಅದರಿಂದ 500 ಕ್ಯಾಲೊರಿ, ತರಕಾರಿ 400 ಗ್ರಾಂ, 120, ತೆಂಗಿನತುರಿ 50 ಗ್ರಾಂ, 200, ಒಗ್ಗರಣೆಯ ಎಣ್ಣೆ 20 ಗ್ರಾಂ, 180. ಒಟ್ಟು ಸಾವಿರ. ಹುಳಿ ಕುದಿದು ಇಳಿಸಿದ ಮೇಲೆ ಪಾತ್ರೆಸಮೇತ ತೂಗಿ, ಪಾತ್ರೆಯ ತೂಕ ಕಳೆಯಿರಿ. ಎರಡು ಕಿಲೋ ಇದ್ದರೆ ನೂರು ಗ್ರಾಂ ಹುಳಿಗೆ 50 ಕ್ಯಾಲೊರಿ. ನಿಮ್ಮ ಸೌಟಿನಲ್ಲಿ 120 ಗ್ರಾಂ ಹಿಡಿಯುವುದಾದರೆ ಒಂದು ಸೌಟಿಗೆ 60.

ವಾರದಲ್ಲಿ ಮಾಡುವ ಹತ್ತು ಹನ್ನೆರಡು ಅಡುಗೆಗಳಿಗೆ ಒಂದೊಂದು ಸಲ ಈ ಲೆಕ್ಕ ಹಾಕಿದರೆ ಸಾಕು; ಮನೆಯ ಅಡುಗೆ ತಿರುಗಿ ತಿರುಗಿ ಅವೇ ತಾನೆ. ಆಮೇಲೆ ‘ಹುಳಿ ಎರಡು ಸೌಟು, 120’ ಎಂದು ಬರೆದರೆ ಮುಗಿಯಿತು.

ನಾವು ಎಣ್ಣೆ ಜಾಸ್ತಿ ಬಳಸೋದೇ ಇಲ್ಲ. ಆದರೂ ಎಣ್ಣೆ ಎಣ್ಣೆ ಅಂತ ಯಾಕೆ ಹೇಳ್ತೀರಿ?

ನಾನೂ ನಮ್ಮ ಮನೆಯ ಬಗ್ಗೆ ಹಾಗೆಯೇ ಅಂದುಕೊಂಡಿದ್ದೆ. ಒಂದು ತಿಂಗಳ ಮೊದಲ ದಿನ, ಒಡೆದ ಎಣ್ಣೆಯ ಪ್ಯಾಕೆಟ್ಟಿನ ಮೇಲೆ ತಾರೀಕು ಬರೆಯಲು ಶುರುಮಾಡಿದೆವು. ತಿಂಗಳು ಮುಗಿದಾಗ ನಾಲ್ಕು ಜನರ ಮನೆಯಲ್ಲಿ ನಾಲ್ಕು ಪ್ಯಾಕೆಟ್ ಖಾಲಿಯಾಗಿದ್ದವು. ಲೀಟರ್ ಎಣ್ಣೆ ತೂಗುವುದು 910 ಗ್ರಾಂ. ಲೆಕ್ಕ ಹಾಕಿದಾಗ ತಲೆಗೆ ದಿನಕ್ಕೆ 30 ಗ್ರಾಂ, ಅಂದರೆ 270 ಕ್ಯಾಲೊರಿ ಬಂತು. ತುಪ್ಪ, ತೆಂಗಿನಕಾಯಿ, ಶೇಂಗಾ, ಹೊರಗಿನ ತಿಂಡಿ ಇದರಲ್ಲಿ ಸೇರಿಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆ 2000 ಕ್ಯಾಲೊರಿಯ ತಟ್ಟೆಗೇ 27 ಗ್ರಾಂ ಎಣ್ಣೆ ಎನ್ನುತ್ತದೆ; 1400ರ ತಟ್ಟೆಗೆ 15 ಗ್ರಾಂ ದಾಟಬಾರದು.

ಪ್ಯಾಕೆಟ್ ಎಣಿಸುವ ಈ ವಿಧಾನವನ್ನು ನಾನು ಎಲ್ಲರಿಗೂ ಮೊದಲು ಹೇಳುತ್ತೇನೆ, ಏಕೆಂದರೆ ಇದರಲ್ಲಿ ಜ್ಞಾಪಕಶಕ್ತಿಯ ತಪ್ಪಿಗೆ ಅವಕಾಶವಿಲ್ಲ. ಬಾಣಲೆಗೆ ಕ್ಯಾನಿನಿಂದ ನೇರವಾಗಿ ಸುರಿಯುವುದನ್ನು ಬಿಟ್ಟು ಐದು ಮಿಲಿಲೀಟರಿನ ಚಮಚದಲ್ಲಿ ಅಳೆದು ಹಾಕಿದರೆ, ರುಚಿಯಲ್ಲಿ ವ್ಯತ್ಯಾಸ ತಿಳಿಯದಂತೆ ಮೂರನೇ ಒಂದು ಭಾಗ ತಾನಾಗಿ ಇಳಿಯುತ್ತದೆ. ಪಲ್ಯಕ್ಕೆ ಎಣ್ಣೆ ಹೆಚ್ಚು ಬೇಕಾಗುವುದು ತಳ ಹಿಡಿಯದಿರಲೆಂದು. ಮುಚ್ಚಳ ಮುಚ್ಚಿ, ನೀರು ಚಿಮುಕಿಸಿ ಬೇಯಿಸಿದರೆ ಆ ಅಗತ್ಯವೂ ಕಡಿಮೆಯಾಗುತ್ತದೆ.

ನಾವು ಸಸ್ಯಾಹಾರಿಗಳು. 1400 ಕ್ಯಾಲೊರೀಲಿ ಪ್ರೋಟೀನ್ ಎಲ್ಲಿಂದ ತರೋದು?

ಪ್ರಶ್ನೆ ಸರಿಯಾದದ್ದೇ. ಸಾಮಾನ್ಯ ದಿನಗಳಲ್ಲಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕೆಂದು ಶಿಫಾರಸಿದ್ದರೂ, ತೂಕ ಇಳಿಸುವಾಗ ಸ್ನಾಯು ಕರಗದಂತೆ ತಡೆಯಲು ತಲುಪಬೇಕಾದ ತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಇಟ್ಟುಕೊಳ್ಳುವುದು ಒಳ್ಳೆಯದು. 60 ಕಿಲೋ ಗುರಿಯಿದ್ದರೆ ಕನಿಷ್ಠ 60 ಗ್ರಾಂ.

ಇದು ಸಾಧ್ಯ. ಟೋನ್ಡ್ ಹಾಲು ಮತ್ತು ಮೊಸರು ಸೇರಿ 300 ಮಿಲಿಲೀಟರ್ (10 ಗ್ರಾಂ ಪ್ರೋಟೀನ್), ಹೆಸರುಕಾಳು, ಹುರುಳಿ, ತೊಗರಿಬೇಳೆ ಯಾವುದಾದರೂ ಸೇರಿ 80 ಗ್ರಾಂ (18), ಅಕ್ಕಿ–ರಾಗಿ–ಗೋಧಿ ಒಟ್ಟು 160 ಗ್ರಾಂ (14), ಸೋಯಾ ಚಂಕ್ಸ್ 30 ಗ್ರಾಂ (15), ಮುನ್ನೂರು ನಾನೂರು ಗ್ರಾಂ ತರಕಾರಿ–ಸೊಪ್ಪು (5ರ ಆಸುಪಾಸು). ಧಾನ್ಯ, ಕಾಳು, ಸೋಯಾ ಇವುಗಳ ತೂಕವೆಲ್ಲ ಬೇಯಿಸುವ ಮೊದಲಿನದು. ಇವಕ್ಕೆ 15 ಗ್ರಾಂ ಎಣ್ಣೆ ಸೇರಿಸಿದರೂ 1300 ಆಗುತ್ತದೆ. ಉಳಿದ ನೂರರಲ್ಲಿ ಒಂದು ಹಣ್ಣು, ಕಾಫಿಯ ಸಕ್ಕರೆ. ಮೊಳಕೆ ಬರಿಸಿದ ಹುರುಳಿಯ ಬಸ್ಸಾರು ಮಾಡುವ ಮನೆಯವರಿಗೆ ಇದನ್ನು ಕಲಿಸಬೇಕಾಗಿಲ್ಲ, ಕಾಳಿನ ಪಾಲು ಹೆಚ್ಚಿಸಿ ಎಂದರೆ ಸಾಕು. ಮೊಟ್ಟೆ ತಿನ್ನುವವರಿಗೆ ಇನ್ನೂ ಸುಲಭ: ಒಂದರಲ್ಲಿ 6 ಗ್ರಾಂ ಪ್ರೋಟೀನ್, ಕ್ಯಾಲೊರಿ ಎಪ್ಪತ್ತೈದರ ಹತ್ತಿರ.

ಕಾಫಿ ಬಿಡಬೇಕಾ?

ಬೇಡ. ಕೆನೆಭರಿತ ಹಾಲಿನಲ್ಲಿ ಶೇ. 6, ಟೋನ್ಡ್ ಹಾಲಿನಲ್ಲಿ ಶೇ. 3 ಕೊಬ್ಬಿರುತ್ತದೆ, ನೂರು ಮಿಲಿಲೀಟರಿಗೆ ಕ್ರಮವಾಗಿ 86 ಮತ್ತು 58 ಕ್ಯಾಲೊರಿ. ಒಂದು ಚಮಚ ಸಕ್ಕರೆಗೆ 20. ಹಾಲು ಬದಲಿಸಿ, ದಿನಕ್ಕೆ ಎಷ್ಟು ಲೋಟವೆಂದು ಎಣಿಸಿ.

ಮದುವೆ ಸೀಸನ್‌ನಲ್ಲಿ ಏನು ಮಾಡಲಿ? ಬಡಿಸಿದ್ದನ್ನ ಬೇಡ ಅನ್ನೋಕಾಗಲ್ಲ.

ಲೆಕ್ಕವನ್ನು ದಿನಕ್ಕೆ ಕಟ್ಟಿಹಾಕದೆ ವಾರಕ್ಕೆ ಹರಡಿ. ದಿನಕ್ಕೆ 1400 ಎಂದರೆ ವಾರಕ್ಕೆ 9800. ಭಾನುವಾರದ ಮದುವೆಯಲ್ಲಿ 2000 ಆದರೆ ಉಳಿದ ಆರು ದಿನ 1300ರಂತೆ ನಡೆಸಿದರೆ ಸರಿಹೋಗುತ್ತದೆ. ತುಪ್ಪ ಹಾಕಿದ ಒಂದು ಬೇಳೆ ಹೋಳಿಗೆ 250ರಿಂದ 300 ಕ್ಯಾಲೊರಿ ಆಗಬಹುದು; ಹೋಳಿಗೆ ತಿನ್ನಿ, ಅದರ ಜೊತೆ ಬೋಂಡ, ಚಿತ್ರಾನ್ನ ಎರಡನ್ನೂ ಬೇಡವೆನ್ನಿ. ಮರುದಿನ ಪ್ರಾಯಶ್ಚಿತ್ತದ ಉಪವಾಸ ಮಾತ್ರ ಬೇಡ, ಅದು ಸಂಜೆಯ ಹೊತ್ತಿಗೆ ಇನ್ನೊಂದು ಅತಿ ಊಟಕ್ಕೆ ದಾರಿ ಮಾಡುತ್ತದೆ.

## ತೂಕ ಇಳಿಯದಿದ್ದಾಗ

ದಿನಾ ಬೇರೆ ಬೇರೆ ತೂಕ ತೋರಿಸುತ್ತೆ. ಯಾವುದನ್ನ ನಂಬಲಿ?

ಯಾವ ಒಂದು ದಿನದ್ದನ್ನೂ ನಂಬಬೇಡಿ. ಬೆಳಿಗ್ಗೆ ಶೌಚ ಮುಗಿಸಿ, ಏನನ್ನೂ ಕುಡಿಯುವ ಮೊದಲು ತೂಕ ನೋಡಿ ಬರೆದಿಡಿ. ಏಳು ದಿನದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಗೆ ಹೋಲಿಸಿ. ಉಪ್ಪಿನಕಾಯಿ, ಹಪ್ಪಳದ ಊಟದ ಮರುದಿನ ಒಂದು ಕಿಲೋ ಏರುವುದು ನೀರಿನಿಂದ. ಮೊದಲ ವಾರದಲ್ಲಿ ಎರಡು ಕಿಲೋ ಇಳಿದರೆ ಅದೂ ಬಹುಪಾಲು ನೀರೇ: ದೇಹ ಸಕ್ಕರೆಯನ್ನು ಗ್ಲೈಕೊಜೆನ್ ಎಂಬ ರೂಪದಲ್ಲಿ ಕೂಡಿಡುತ್ತದೆ, ಒಂದು ಗ್ರಾಂ ಗ್ಲೈಕೊಜೆನ್ ಜೊತೆ ಮೂರು ಗ್ರಾಂನಷ್ಟು ನೀರಿರುತ್ತದೆ, ಸಂಗ್ರಹ ಖರ್ಚಾದಾಗ ನೀರೂ ಹೋಗುತ್ತದೆ. ಮುಟ್ಟಾಗುವ ಹೆಂಗಸರು ಈ ತಿಂಗಳ ಒಂದು ವಾರವನ್ನು ಹೋದ ತಿಂಗಳ ಅದೇ ವಾರಕ್ಕೆ ಹೋಲಿಸಬೇಕು. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಮೈಯಲ್ಲಿ ನೀರು ನಿಲ್ಲುವುದರಿಂದ ಬೇರೆ ಹೋಲಿಕೆಗಳು ದಾರಿ ತಪ್ಪಿಸುತ್ತವೆ.

ಲೆಕ್ಕ ಸರಿಯಾಗಿ ಇಟ್ಟಿದ್ದೀನಿ, ಆದರೂ ಇಳೀತಿಲ್ಲ. ನನ್ನ ಮೆಟಬಾಲಿಸಂ ನಿಧಾನ ಇರಬೇಕು, ಅಲ್ವಾ?

ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಿ. ಅದು ಒಂದು ರಕ್ತಪರೀಕ್ಷೆಯಲ್ಲಿ ತೀರ್ಮಾನವಾಗುವ ವಿಷಯ. ಅದು ಸರಿಯಿದ್ದರೆ, ಹೆಚ್ಚಿನ ಸಂದರ್ಭಗಳಲ್ಲಿ ವ್ಯತ್ಯಾಸವಿರುವುದು ಬರವಣಿಗೆಯಲ್ಲಿ. 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 1200ಕ್ಕಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲವೆನ್ನುವವರ ಶಕ್ತಿಯ ಖರ್ಚನ್ನು ನಿಖರವಾಗಿ ಅಳೆದು ನೋಡಿದರು. ಅವರ ಚಯಾಪಚಯ, ಅಂದರೆ ಮೆಟಬಾಲಿಸಂ, ಸಹಜವಾಗಿಯೇ ಇತ್ತು. ತಿಂದದ್ದನ್ನು ಅವರು ಸರಾಸರಿ ಶೇ. 47ರಷ್ಟು ಕಡಿಮೆ ಬರೆದಿದ್ದರು. ಅವರು ಸುಳ್ಳು ಹೇಳುತ್ತಿದ್ದರೆಂದು ಇದರ ಅರ್ಥವಲ್ಲ. ಕಣ್ಣಂದಾಜು ಮನುಷ್ಯರೆಲ್ಲರನ್ನೂ ಹೀಗೆಯೇ ವಂಚಿಸುತ್ತದೆ.

ಧಾರವಾಡದ ಕಡೆಯ ಶಿಕ್ಷಕಿಯೊಬ್ಬರು ಎರಡು ತಿಂಗಳು ಅಚ್ಚುಕಟ್ಟಾಗಿ ಬರೆದ ಪುಸ್ತಕ ತಂದಿದ್ದರು. ಜೋಳದ ರೊಟ್ಟಿ ಎರಡು, ಹೆಸರುಕಾಳು ಪಲ್ಯ, ಸೌತೆಕಾಯಿ, ಮೊಸರು. ಎಲ್ಲದರ ತೂಕವಿತ್ತು. ಒಂದು ಕಡೆ ಮಾತ್ರ ‘ಶೇಂಗಾ ಚಟ್ನಿ, ಸ್ವಲ್ಪ’ ಎಂದಿತ್ತು. ಮನೆಗೆ ಹೋಗಿ ಎಂದಿನಂತೆ ತಟ್ಟೆಗೆ ಹಾಕಿಕೊಂಡು ತೂಗಿ ನೋಡಿ ಎಂದೆ. ಪುಡಿ 25 ಗ್ರಾಂ, ಅದರ ಮೇಲೆ ಕಲಸಿಕೊಂಡ ಎಣ್ಣೆ 10 ಗ್ರಾಂ: ಎರಡೂ ಸೇರಿ 220 ಕ್ಯಾಲೊರಿ, ದಿನಕ್ಕೆ ಎರಡು ಹೊತ್ತು. ಅವರು ಕಷ್ಟಪಟ್ಟು ಉಳಿಸುತ್ತಿದ್ದ 400 ಆ ‘ಸ್ವಲ್ಪ’ದಲ್ಲಿ ಪೂರ್ತಿ ಹೋಗುತ್ತಿತ್ತು. ಎಣ್ಣೆಯ ಬದಲು ಮೊಸರಿನಲ್ಲಿ ಕಲಸಿ, ಪುಡಿಯನ್ನು ಒಂದು ಚಮಚಕ್ಕೆ ಇಳಿಸಿದರು; ಚಟ್ನಿ ಬಿಡಲಿಲ್ಲ. ನಿಮ್ಮ ಪುಸ್ತಕದಲ್ಲಿ ‘ಸ್ವಲ್ಪ’ ಎಂದು ಬರೆದಿರುವ ಕಡೆ ಮೊದಲು ಹುಡುಕಿ. ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು, ಅಡುಗೆ ಮಾಡುವಾಗ ರುಚಿ ನೋಡಿದ್ದು, ಸಂಜೆಯ ಖಾರದ ಕಡಲೆಬೀಜ, ಇವು ಆಮೇಲಿನ ಸಾಲಿನಲ್ಲಿ ಬರುತ್ತವೆ.

ನಾಲ್ಕು ವಾರ ಆಯ್ತು. ಇಳಿದಿದ್ದು ಕಮ್ಮಿ. ಅಂಕಿಯನ್ನ ಹೇಗೆ ತಿದ್ದಲಿ?

ಇಳಿಯಬೇಕಿದ್ದ ತೂಕದಲ್ಲಿ ಇಳಿದದ್ದನ್ನು ಕಳೆದು, 7700ರಿಂದ ಗುಣಿಸಿ, 28ರಿಂದ ಭಾಗಿಸಿ. ಒಂದೂವರೆ ಕಿಲೋ ಇಳಿಯಬೇಕಿತ್ತು, 700 ಗ್ರಾಂ ಇಳಿದಿದೆ ಎಂದರೆ ಕೊರತೆ 0.8 ಕಿಲೋ, ಲೆಕ್ಕ ಹಾಕಿದರೆ ದಿನಕ್ಕೆ 220 ಕ್ಯಾಲೊರಿ. ನೀವು ಬರೆದದ್ದಕ್ಕಿಂತ ಅಷ್ಟು ಹೆಚ್ಚು ತಿನ್ನುತ್ತಿರಬಹುದು, ಅಥವಾ ನಿಮ್ಮ ದೇಹದ ಖರ್ಚು ಸೂತ್ರ ಹೇಳಿದ್ದಕ್ಕಿಂತ ಅಷ್ಟು ಕಡಿಮೆ ಇರಬಹುದು. ಪರಿಹಾರ ಎರಡಕ್ಕೂ ಒಂದೇ. ಮೊದಲು ಒಂದು ವಾರ ಎಲ್ಲವನ್ನೂ ತೂಗಿ ನೋಡಿ. ಬರವಣಿಗೆ ಸರಿಯಿದ್ದರೆ ಊಟದಲ್ಲಿ ನೂರು ಇಳಿಸಿ, ಉಳಿದ ನೂರಕ್ಕೆ ಮೂರು ಕಿಲೋಮೀಟರ್ ನಡಿಗೆ ಸೇರಿಸಿ. ನಾಲ್ಕು ವಾರ ತುಂಬುವ ಮೊದಲು ಅಂಕಿ ಬದಲಿಸಬೇಡಿ. ಪ್ರತಿ ಸೋಮವಾರ ಹೊಸ ಅಂಕಿ ಹಿಡಿಯುವವರಿಗೆ ತಮ್ಮ ನಿಜವಾದ ಅಂಕಿ ಎಂದೂ ತಿಳಿಯುವುದಿಲ್ಲ.

ಮೊದಲು ಚೆನ್ನಾಗಿ ಇಳೀತಿತ್ತು, ಐದು ತಿಂಗಳಾದ ಮೇಲೆ ನಿಂತೇ ಹೋಯ್ತು. ಅದೇ ಊಟ, ಅದೇ ನಡಿಗೆ. ಯಾಕೆ?

ಈಗ ನೀವು ಹೊತ್ತು ತಿರುಗುತ್ತಿರುವ ಮೈ ಹಗುರವಾಗಿದೆ. 72ರಿಂದ 65ಕ್ಕೆ ಬಂದವರ ಖರ್ಚು ಸೂತ್ರದ ಪ್ರಕಾರವೇ ನೂರರಷ್ಟು ಇಳಿಯುತ್ತದೆ. ಅದರ ಮೇಲೆ ದೇಹ ತಾನಾಗಿ ಇನ್ನಷ್ಟು ಮಿತವ್ಯಯ ಮಾಡುತ್ತದೆ, ಹಸಿವೂ ಹೆಚ್ಚುತ್ತದೆ. 7700ರ ನಿಯಮಕ್ಕೆ ಮೂಲವಾದ, ಪೌಂಡಿಗೆ 3500 ಕ್ಯಾಲೊರಿ ಎಂಬ ಲೆಕ್ಕವನ್ನು 1958ರಲ್ಲಿ ಮ್ಯಾಕ್ಸ್ ವಿಶ್ನೋಫ್ಸ್ಕಿ ಎಂಬ ವೈದ್ಯರು ಕೊಟ್ಟರು. ತಿಂಗಳೆರಡು ತಿಂಗಳಿಗೆ ಅದು ಸಾಕು. ವರ್ಷಗಟ್ಟಲೆಗೆ ಅದನ್ನು ಎಳೆದರೆ ಸುಳ್ಳಾಗುತ್ತದೆ, ಏಕೆಂದರೆ ಖರ್ಚು ಸ್ಥಿರವಾಗಿರುತ್ತದೆಂದು ಅದು ಭಾವಿಸುತ್ತದೆ. ಅಮೆರಿಕದ ವಿಜ್ಞಾನಿ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಗಣಿತ ಮಾದರಿ ಈ ಬದಲಾವಣೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಒಂದೇ ಕಡಿತದಿಂದ ಸಿಗುವ ಇಳಿಕೆ ಕಾಲಕ್ರಮೇಣ ನಿಧಾನವಾಗಿ ಕೊನೆಗೆ ನಿಲ್ಲುತ್ತದೆಂದು ತೋರಿಸಿಕೊಟ್ಟಿತು.

ಆದ್ದರಿಂದ ಪ್ರತಿ ನಾಲ್ಕೈದು ಕಿಲೋ ಇಳಿದಾಗ ಹೊಸ ತೂಕದಿಂದ ಲೆಕ್ಕವನ್ನು ಮತ್ತೆ ಹಾಕಬೇಕು. ಹೊಸ ಗುರಿ ಕೆಳಗಿನ ಗೆರೆಯ ಹತ್ತಿರ ಬಂದುಬಿಟ್ಟರೆ ಊಟವನ್ನು ಇನ್ನೂ ಕಡಿಯಬೇಡಿ. ಮೂರು ನಾಲ್ಕು ವಾರ ತೂಕ ಇದ್ದಲ್ಲೇ ನಿಲ್ಲುವಷ್ಟು ತಿಂದು, ದೇಹಕ್ಕೂ ಮನಸ್ಸಿಗೂ ಬಿಡುವು ಕೊಟ್ಟು, ಚಟುವಟಿಕೆ ಹೆಚ್ಚಿಸಿ ಮತ್ತೆ ಆರಂಭಿಸಿ.

ವಾಚ್‌ನಲ್ಲಿ 400 ಕ್ಯಾಲೊರಿ ಕರಗಿದೆ ಅಂತ ತೋರಿಸುತ್ತೆ. ಅಷ್ಟನ್ನ ತಿನ್ನಬಹುದಾ?

ಬೇಡ. 72 ಕಿಲೋ ತೂಕದವರು ಐದು ಕಿಲೋಮೀಟರ್ ನಡೆದರೆ ಸುಮ್ಮನೆ ಕುಳಿತಿರುವುದಕ್ಕಿಂತ ಹೆಚ್ಚಾಗಿ ಖರ್ಚಾಗುವುದು 150ರಿಂದ 200. ವಾಚು ಕುಳಿತಿದ್ದರೂ ಆಗುತ್ತಿದ್ದ ಖರ್ಚನ್ನು ಅದರಲ್ಲಿ ಸೇರಿಸಿ ಹೇಳುವುದುಂಟು. ಅಲ್ಲದೆ 1.375ರ ಗುಣಕ ಹಾಕಿದಾಗಲೇ ಆ ನಡಿಗೆಯನ್ನು ಒಮ್ಮೆ ಎಣಿಸಿಯಾಗಿದೆ.

ಶುಗರ್‌ಗೆ ಮಾತ್ರೆ ತಗೋತಿದ್ದೀನಿ. ಊಟ ಕಮ್ಮಿ ಮಾಡಬಹುದಾ?

ವೈದ್ಯರಿಗೆ ತಿಳಿಸಿದ ಮೇಲೆಯೇ ಮಾಡಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಬಗೆಯ ಮಾತ್ರೆ ತೆಗೆದುಕೊಳ್ಳುವವರು ಔಷಧಿಯನ್ನು ಹಾಗೆಯೇ ಇಟ್ಟು ಊಟ ಇಳಿಸಿದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ನಡುಕ, ತಣ್ಣನೆಯ ಬೆವರು, ಗೊಂದಲ ಕಂಡರೆ ಕೂಡಲೇ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಯಬೇಕು, ಹದಿನೈದು ನಿಮಿಷದ ನಂತರ ಸಕ್ಕರೆ ಪರೀಕ್ಷಿಸಿಕೊಳ್ಳಬೇಕು. ಆಗ ಕ್ಯಾಲೊರಿಯ ಲೆಕ್ಕ ನೋಡಬಾರದು. ರಕ್ತದೊತ್ತಡದ ಮಾತ್ರೆಯ ಪ್ರಮಾಣವನ್ನೂ ತೂಕ ಇಳಿದಂತೆ ವೈದ್ಯರು ಕಡಿಮೆ ಮಾಡಬೇಕಾಗಿ ಬರಬಹುದು, ಎದ್ದಾಗ ತಲೆ ಸುತ್ತಿದರೆ ತಡಮಾಡದೆ ತಿಳಿಸಿ.

ಗುರಿ ಮುಟ್ಟಿದೆ. ಇನ್ನು ಎಷ್ಟು ತಿನ್ನಲಿ?

ಹಳೆಯ 1800ಕ್ಕೆ ಮರಳಿದರೆ ತೂಕವೂ ಮರಳಿ ಬರುತ್ತದೆ, ಏಕೆಂದರೆ ಆ ಅಂಕಿ 72 ಕಿಲೋದವರದ್ದು. ಕಡೆಯ ನಾಲ್ಕು ವಾರದ ಲೆಕ್ಕ ನೋಡಿ: 1350 ತಿನ್ನುತ್ತಿದ್ದಾಗ ವಾರಕ್ಕೆ 200 ಗ್ರಾಂ ಇಳಿಯುತ್ತಿದ್ದರೆ, ದಿನದ ಕೊರತೆ 220, ನಿಮ್ಮ ಈಗಿನ ಸಮತೂಕದ ಅಂಕಿ 1570ರ ಹತ್ತಿರ. ವಾರಕ್ಕೆ ನೂರರಂತೆ ಏರಿಸುತ್ತ ಅಲ್ಲಿಗೆ ಹೋಗಿ. ಮೊದಲ ಹದಿನೈದು ದಿನದಲ್ಲಿ ಅರ್ಧದಿಂದ ಒಂದು ಕಿಲೋ ಏರಿದರೆ ಅದು ಗ್ಲೈಕೊಜೆನ್ ಮತ್ತು ನೀರು ವಾಪಸಾದದ್ದು, ಗಾಬರಿ ಬೇಡ. ಊಟದ ಪುಸ್ತಕವನ್ನು ಈಗ ಮುಚ್ಚಬಹುದು. ವಾರಕ್ಕೊಮ್ಮೆ ತೂಕ ನೋಡುವುದನ್ನೂ ಎಣ್ಣೆಯ ಪ್ಯಾಕೆಟ್ಟಿನ ಮೇಲೆ ತಾರೀಕು ಬರೆಯುವುದನ್ನೂ ಮುಂದುವರಿಸಿ. ಸರಾಸರಿ ಎರಡು ಕಿಲೋ ಮೇಲೆ ಹೋದ ತಿಂಗಳು ಪುಸ್ತಕವನ್ನು ಮತ್ತೆ ತೆರೆಯಿರಿ.